ಪುರಾಣದ ಪೇಟಿ ಮತ್ತು ಅಂಧ ಗವಾಯಿ

ಶ್ರಾವಣ ಬಂತೆಂದರೆ ಗದಗ ಜಿಲ್ಲೆಯ ಯಾವಗಲ್ ಸುತ್ತಿನ ಸೀಮೆಯ ಮಠ, ಗುಡಿಗಳಲ್ಲಿ ಪುರಾಣ ಹಚ್ಚುವುದು ರೂಢಿ. ಶಾಸ್ತ್ರಿಗಳು ಅರ್ಥ ಬಿಡಿಸುತ್ತಾರೆ, ಗವಾಯಿ ಪೇಟಿ (ಹಾರ್ಮೋನಿಯಂ) ನುಡಿಸುತ್ತ ಪದ್ಯ, ವಚನ ಹಾಡುತ್ತಾರೆ, ಜೊತೆಗೆ ತಬಲಾ ಸಾಥ್. ಆ ಗವಾಯಿ ಅಂಧರಾಗಿದ್ದರೆ ಇಲ್ಲಿ ಯಾರೂ ಅಚ್ಚರಿಪಡುವುದಿಲ್ಲ. ಅದಕ್ಕೆ ಕಾರಣ ಜಿಲ್ಲಾ ಕೇಂದ್ರ ಗದಗಿನ ವೀರೇಶ್ವರ ಪುಣ್ಯಾಶ್ರಮ.

ಬೇರು

1909ರಲ್ಲಿ ಬಾದಾಮಿ ಬಳಿ ಶಿವಯೋಗಮಂದಿರ ಕಟ್ಟಿದ ಹಾನಗಲ್ಲ ಕುಮಾರಸ್ವಾಮಿಗಳು, ಕಾಡಶೆಟ್ಟಿಹಳ್ಳಿಯ ಹುಟ್ಟು ಅಂಧ ಬಾಲಕನಿಗೆ ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಆತನೇ ಮುಂದೆ ಪಂಚಾಕ್ಷರ ಗವಾಯಿ (1892–1944). ಕಲಿತ ವಿದ್ಯೆಯನ್ನು ಅವರು ಅಂಧ, ಬಡ ಮಕ್ಕಳಿಗೆ ಹಂಚಿದರು. ಊರೂರು ಅಲೆದ ಅವರ ಪಾಠಶಾಲೆ ಕೊನೆಗೆ ಗದಗಿನಲ್ಲಿ ಈ ಪುಣ್ಯಾಶ್ರಮವಾಗಿ ನೆಲೆ ಕಂಡಿತು. ಶಿಶುವಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿ (1914–2010) ಅದನ್ನು ಬೆಳೆಸಿದರು. ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಬರೆದ ಅವರಿಗೆ 2010ರಲ್ಲಿ ಪದ್ಮಭೂಷಣ ಸಂದಿತು.

ನಡೆಯುವ ಬಗೆ

ಪಾಠ ಕಿವಿಯಿಂದ: ಗುರು ಹಾಡಿದ್ದನ್ನು ಶಿಷ್ಯ ತಿರುಗಿ ಹಾಡಬೇಕು, ತಬಲೆಯ ಬೋಲುಗಳನ್ನು ಮೊದಲು ಬಾಯಲ್ಲಿ ಹೇಳಬೇಕು. ಜಾತಿ ಕೇಳದೆ ಊಟ, ವಸತಿ ಉಚಿತ. ಭಕ್ತರು ಪುಟ್ಟರಾಜರಿಗೆ ಮಾಡಿದ ನಾಣ್ಯದ ತುಲಾಭಾರ, ಆಶ್ರಮದ ನಾಟಕ ಕಂಪನಿಯ ಗಳಿಕೆ, ಇವು ಖರ್ಚನ್ನು ತೂಗಿಸಿದವು. ಕಲಿತವರಿಗೆ ಪುರಾಣ, ಕೀರ್ತನೆ, ಸಂಗೀತ ಪಾಠದಲ್ಲಿ ಅನ್ನದ ದಾರಿ.

ಅಂಧರು ಹೀಗೆ ಧಾರ್ಮಿಕ ಸಭೆಯ ಮುಂದೆ ಕೂತು ನಡೆಸಿಕೊಡುವುದು ಎಲ್ಲೆಡೆ ಸುಲಭವಲ್ಲ. ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ ಅದು ಕಷ್ಟವಾಗಿತ್ತು. ಅವರ ಧರ್ಮಗ್ರಂಥ ತೋರಾವನ್ನು ಬಾಯಿಪಾಠದಿಂದಲ್ಲ, ಸುರುಳಿಯ ಅಕ್ಷರ ನೋಡಿಯೇ ಓದಬೇಕೆಂಬ ನಿಯಮವಿದೆ. ಅಂಧರನ್ನೂ ವೇದಿಕೆಗೆ ಕರೆದು, ಅವರ ಪರವಾಗಿ ಬೇರೊಬ್ಬರು ಓದುವ ಪದ್ಧತಿಯನ್ನು ನಂತರದ ಪಂಡಿತರು ಅನೇಕ ಕಡೆ ಒಪ್ಪಿದರು. ನಮ್ಮ ಪುರಾಣದಲ್ಲಿ ಅಂಧರು ಬರಿಯ ಅತಿಥಿಗಳಲ್ಲ. ಅವರು ಹಾಡದಿದ್ದರೆ ಕಾರ್ಯಕ್ರಮವೇ ನಡೆಯದು.

ಊರ ಕಮಿಟಿಗೆ

ಕಿವಿಯ ಈ ದಾರಿ ಕಿವುಡರಿಗೆ, ನಡೆಯಲಾಗದವರಿಗೆ ತಾನಾಗಿ ತೆರೆಯುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಪುರಾಣದ ದಿನ ಗೊತ್ತುಮಾಡುವ ಸಭೆಯಲ್ಲೇ ಇವಿಷ್ಟು ತೀರ್ಮಾನವಾಗಲಿ:

- ಗುಡಿಯ ಮೆಟ್ಟಿಲ ಪಕ್ಕ ಗಾಲಿಕುರ್ಚಿ ಏರುವಂಥ ಇಳಿಜಾರು, ಹಿಡಿಕೆ.
- ಕಿವುಡರು ಮುಂದೆ ಕೂರಲು ಜಾಗ. ಸಿಕ್ಕರೆ ಸನ್ನೆ ಭಾಷೆ ಬಲ್ಲವರು.
- ಪ್ರಸಾದಕ್ಕೆ ಒಂದೇ ಪಂಕ್ತಿ.
- ಅಂಧ ಗವಾಯಿಗೂ ಉಳಿದ ಕಲಾವಿದರಷ್ಟೇ ಸಂಭಾವನೆ.
- ಏನು ಬೇಕೆಂದು ಮೊದಲು ಅಂಗವಿಕಲರನ್ನೇ ಕೇಳಿ. ಕಮಿಟಿಯಲ್ಲೂ ಅವರಲ್ಲೊಬ್ಬರು ಇರಲಿ.