ಮುಟ್ಟು ನಿಲ್ಲುವ ಕಾಲ: ಮನೆಯವರು ಗುರುತಿಸಬೇಕಾದ ಬದಲಾವಣೆಗಳು

ಬಿತ್ತನೆ, ಗೊಬ್ಬರ, ಕೀಟಬಾಧೆ ಎಂದು ಬರೆಯುತ್ತಿದ್ದ ಮನುಷ್ಯ ಇದ್ದಕ್ಕಿದ್ದಂತೆ ಹೆಂಗಸರ ಮುಟ್ಟಿನ ವಿಷಯ ಏಕೆ ಎತ್ತಿಕೊಂಡ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ವಾಚನಾಲಯದ ಜಗುಲಿಯ ಮೇಲೆ ನಾಲ್ಕು ಜನರ ನಡುವೆ ಕುಳಿತು ಓದುವವರಿಗೆ ಮುಜುಗರವೂ ಆದೀತು. ಆದರೆ ನಿಮ್ಮ ಗದ್ದೆಯಲ್ಲಿ ನಾಟಿ ಹಾಕುವವರು ಯಾರು, ಕಳೆ ಕೀಳುವವರು ಯಾರು, ಕೊಟ್ಟಿಗೆಯ ಸಗಣಿ ಬಾಚಿ ಹಾಲು ಕರೆದು ಡೇರಿಗೆ ಹೊರುವವರು ಯಾರು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಅವರಲ್ಲಿ ನಲವತ್ತು ದಾಟಿದವರೇ ಅನೇಕರು. ಅವರ ಮೈಯಲ್ಲಿ ನಡೆಯುವ ಒಂದು ದೊಡ್ಡ ಬದಲಾವಣೆ ಮನೆಯ ಯಜಮಾನನಿಗೆ ಗೊತ್ತೇ ಇರುವುದಿಲ್ಲ. ಗೊತ್ತಿಲ್ಲದಿದ್ದರಿಂದ ಏನೇನು ಆಗುತ್ತದೆ ಎಂಬುದನ್ನು ನಾನು ನಮ್ಮ ಮನೆಯಲ್ಲಿಯೇ ಕಂಡೆ. ಅದನ್ನು ಮುಂದೆ ಹೇಳುತ್ತೇನೆ.

ಹಾರ್ಮೋನು ಎಂಬ ಮಾತು ನಿಮಗೆ ಹೊಸದಲ್ಲ. ಮೆಣಸಿನ ಗಿಡದ ಹೂ ಉದುರದಿರಲೆಂದು ಪ್ಲಾನೋಫಿಕ್ಸ್ ಸಿಂಪಡಿಸುತ್ತೀರಿ. ನಾಲ್ಕೂವರೆ ಲೀಟರು ನೀರಿಗೆ ಒಂದೇ ಮಿಲಿಲೀಟರು. ಅಷ್ಟು ಅಲ್ಪ ಪ್ರಮಾಣದಲ್ಲಿ ಇಡೀ ಗಿಡದ ನಡವಳಿಕೆಯನ್ನೇ ಬದಲಿಸುವ ವಸ್ತು ಅದು. ಅಳತೆ ತಪ್ಪಿದರೆ ಗಿಡ ಮುರುಟಿಕೊಳ್ಳುವುದನ್ನೂ ನೋಡಿದ್ದೀರಿ. ಮನುಷ್ಯರ ದೇಹದಲ್ಲಿಯೂ ಹಾಗೆಯೇ. ಹೆಣ್ಣಿನ ಅಂಡಾಶಯಗಳು ಈಸ್ಟ್ರೋಜನ್, ಪ್ರೊಜೆಸ್ಟೆರಾನ್ ಎಂಬ ಎರಡು ಮುಖ್ಯ ಹಾರ್ಮೋನುಗಳನ್ನು ತಯಾರಿಸುತ್ತವೆ. ಈಸ್ಟ್ರೋಜನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ಅಂಡ ಬಿಡುಗಡೆಯಾದ ಮೇಲೆ ಬರುವ ಪ್ರೊಜೆಸ್ಟೆರಾನ್ ಆ ಬೆಳವಣಿಗೆಯನ್ನು ಹದದಲ್ಲಿಡುತ್ತದೆ. ಗರ್ಭ ನಿಲ್ಲದಿದ್ದರೆ ಎರಡೂ ಇಳಿದು, ಪದರ ಕಳಚಿ, ಮುಟ್ಟು ಆಗುತ್ತದೆ.

ನಲವತ್ತರ ಆಚೀಚೆ ಅಂಡಾಶಯದಲ್ಲಿರುವ ಅಂಡಗಳ ದಾಸ್ತಾನು ಕಡಿಮೆಯಾಗುತ್ತ ಬರುತ್ತದೆ. ಆದರೆ ಬತ್ತುವ ಕೊಳವೆಬಾವಿ ಒಂದೇ ದಿನಕ್ಕೆ ನಿಲ್ಲುವುದಿಲ್ಲ ಎಂಬುದು ನಿಮಗೆ ತಿಳಿದ ವಿಷಯ. ಒಂದು ದಿನ ಧಾರಾಳವಾಗಿ ನೀರೆತ್ತುತ್ತದೆ, ಮರುದಿನ ಬರೀ ಗಾಳಿ, ನಾಲ್ಕು ದಿನ ಬಿಟ್ಟು ಮತ್ತೆ ನೀರು. (ಹೋಲಿಕೆ ಅಷ್ಟಕ್ಕೇ ಸೀಮಿತ. ಮುಟ್ಟು ನಿಂತ ಹೆಣ್ಣು ಬತ್ತಿದ ಬಾವಿಯಲ್ಲ. ಮುಂದೆ ಮೂವತ್ತು ವರ್ಷ ದುಡಿದು ಬಾಳುವವಳು.) ಕೆಲವು ತಿಂಗಳು ಅಂಡ ಬಿಡುಗಡೆಯಾಗುವುದಿಲ್ಲ, ಪ್ರೊಜೆಸ್ಟೆರಾನ್ ಬರುವುದಿಲ್ಲ, ಒಳಪದರ ಹದ ಮೀರಿ ಬೆಳೆದು ಒಮ್ಮೆಲೇ ಕಟ್ಟೆ ಒಡೆದಂತೆ ಹೋಗುತ್ತದೆ. ಈ ಏರುಪೇರಿನ ಕಾಲ ಸಾಮಾನ್ಯವಾಗಿ ನಾಲ್ಕಾರು ವರ್ಷ ಇರುತ್ತದೆ. ಹನ್ನೆರಡು ತಿಂಗಳು ಒಂದೇ ಸಮ ಮುಟ್ಟಾಗದಿದ್ದರೆ ಆಗ ಮುಟ್ಟು ನಿಂತಿತು ಎಂದು ಲೆಕ್ಕ. ನಮ್ಮ ದೇಶದಲ್ಲಿ ಅದು ಸರಾಸರಿ ೪೬-೪೭ರ ವಯಸ್ಸಿನಲ್ಲಿ ಆಗುತ್ತದೆ. ನಲವತ್ತಕ್ಕೆ ಮೊದಲೇ ನಿಂತರೆ ಅದು ಸಹಜವಲ್ಲ, ವೈದ್ಯರಿಗೆ ತೋರಿಸತಕ್ಕದ್ದು.

ಲಕ್ಷಣಗಳು

ಮೊದಲು ಕಾಣುವುದು ದಿನಗಳ ಲೆಕ್ಕ ತಪ್ಪುವುದು. ಇಪ್ಪತ್ತೆಂಟು ದಿನಕ್ಕೆ ಆಗುತ್ತಿದ್ದದ್ದು ಇಪ್ಪತ್ತಕ್ಕೇ ಬರಬಹುದು, ಇಲ್ಲವೇ ಎರಡು ತಿಂಗಳು ಬಾರದೇ ಇರಬಹುದು. ಇನ್ನೊಂದು, ಮೈ ಉರಿ. ಎದೆಯಿಂದ ಕುತ್ತಿಗೆ, ಮುಖದವರೆಗೆ ಬಿಸಿ ನುಗ್ಗಿದಂತಾಗಿ, ಬೆವರು ಕಿತ್ತುಕೊಂಡು, ಒಂದೆರಡು ನಿಮಿಷದಲ್ಲಿ ಇಳಿದು ಬಳಿಕ ಚಳಿ ಹತ್ತುತ್ತದೆ. ಮೈಬಿಸಿಯನ್ನು ಕಾಯುವ ಮಿದುಳಿನ ಭಾಗಕ್ಕೆ ಈಸ್ಟ್ರೋಜನ್ನಿನ ಏರುಪೇರು ಗೊಂದಲ ಉಂಟುಮಾಡುವುದೇ ಇದಕ್ಕೆ ಕಾರಣ. ಮಾಗಿಯ ಚಳಿಯಲ್ಲಿ, ಬೆಳಗಿನ ಏಳು ಗಂಟೆಗೆ, ಅವರೆಕಾಯಿ ಬಿಡಿಸುತ್ತಿದ್ದ ಹೆಂಗಸೊಬ್ಬರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಬದುವಿನ ಮೇಲೆ ಕುಳಿತುಬಿಟ್ಟದ್ದನ್ನು ನಾನು ನೋಡಿದ್ದೇನೆ. ಜೊತೆಯವರು "ಕೆಲಸಗಳ್ಳಿ" ಎಂದು ನಕ್ಕರು. ಆಕೆ ಕಳ್ಳಿಯಲ್ಲ.

ರಾತ್ರಿ ಇದೇ ಬೆವರು ಬಂದು ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟ ಮೇಲೆ ಸಿಡುಕು, ಮರೆವು, ಕಾರಣವಿಲ್ಲದ ಅಳು. ಎದೆ ಡವಡವ ಎನ್ನಬಹುದು, ಕೀಲು ನೋಯಬಹುದು. ಒಲೆಯ ಮೇಲೆ ಹಾಲಿಟ್ಟು ಮರೆತಳು, ಸೊಸೆಯ ಮೇಲೆ ರೇಗಿದಳು ಎಂದು ಮನೆಯಲ್ಲಿ ಮಾತಾಗುತ್ತದೆ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದ ಮನೆಗಳೂ ಉಂಟು. ಥೈರಾಯ್ಡ್ ತೊಂದರೆಯಲ್ಲಿಯೂ ಇಂಥವೇ ಲಕ್ಷಣಗಳು ಕಾಣುವುದರಿಂದ ಅದರ ರಕ್ತಪರೀಕ್ಷೆ ಮಾಡಿಸುವುದು ಮೇಲು.

ಈಸ್ಟ್ರೋಜನ್ ಇಳಿದಂತೆ ಜನನಾಂಗದ ಪಸೆ ಆರಿ ಉರಿ, ನೋವು ಆಗುತ್ತದೆ. ಗಂಡನ ಹತ್ತಿರ ಹೋಗುವುದು ಬೇಡವೆನಿಸಿದರೆ ಅದು ಮುನಿಸಲ್ಲ, ಸಸಾರವೂ ಅಲ್ಲ. ಗಂಡಸರು ಇದನ್ನು ತಿಳಿದಿರಬೇಕು, ಇದಕ್ಕೆ ಹಚ್ಚುವ ಔಷಧವಿದೆ. ಕೆಮ್ಮಿದರೆ, ಹುಲ್ಲಿನ ಹೊರೆ ಎತ್ತಿದರೆ ಮೂತ್ರ ಜಿನುಗುವುದು, ಗರ್ಭಕೋಶ ಕೆಳಗೆ ಜಾರಿದಂತೆ ಆಗುವುದು ಹೊರೆ ಹೊತ್ತು, ಹೆರಿಗೆಗಳಾದ ನಮ್ಮ ಹಳ್ಳಿಯ ಹೆಂಗಸರಲ್ಲಿ ಬಹಳ. ಹೊಲದಲ್ಲಿ ಮರೆಯಾದ ಜಾಗವಿಲ್ಲವೆಂದು ಅವರು ಬೆಳಗಿನಿಂದ ಸಂಜೆಯವರೆಗೆ ನೀರೇ ಕುಡಿಯುವುದಿಲ್ಲ. ಉರಿಮೂತ್ರ ಅಲ್ಲಿಂದಲೇ ಶುರು. ಪಂಪ್‌ಸೆಟ್ ಮನೆಯ ಹಿಂದೆ ನಾಲ್ಕು ಸೋಗೆ ಕಟ್ಟಿಕೊಟ್ಟರೆ ಖರ್ಚೇನೂ ಆಗದು.

ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡಿದ್ದರಿಂದಲೇ ಇದೆಲ್ಲ ಬಂತು ಎಂಬ ನಂಬಿಕೆ ಊರೂರಿನಲ್ಲಿದೆ. ಅದು ಸರಿಯಲ್ಲ. ಆ ಆಪರೇಷನ್ನಿನಲ್ಲಿ ನಾಳ ಕಟ್ಟುತ್ತಾರೆಯೇ ಹೊರತು ಅಂಡಾಶಯವನ್ನು ಮುಟ್ಟುವುದಿಲ್ಲ. ಆಪರೇಷನ್ ಆಗದವರು ಮಾತ್ರ ಒಂದು ಎಚ್ಚರ ವಹಿಸಬೇಕು. ಎರಡು ತಿಂಗಳು ಮುಟ್ಟಾಗಲಿಲ್ಲವೆಂದು ನಿಂತೇಹೋಯಿತು ಎಂದುಕೊಳ್ಳಬಾರದು, ಈ ಏರುಪೇರಿನ ಕಾಲದಲ್ಲಿಯೂ ಗರ್ಭ ನಿಲ್ಲಬಹುದು.

ನಮ್ಮ ಮನೆಯಲ್ಲಿ ನಡೆದದ್ದು

ಊರಿನಲ್ಲಿ ನಮ್ಮಣ್ಣ ಬೇಸಾಯ ನೋಡಿಕೊಳ್ಳುತ್ತಾರೆ. ನಾಲ್ಕು ಮಿಶ್ರತಳಿ ಹಸುಗಳಿವೆ. ಯಾವ ಹಸು ಎಂದು ಬೆದೆಗೆ ಬಂತು, ಎಂದು ಕೃತಕ ಗರ್ಭಧಾರಣೆ ಮಾಡಿಸಿದ್ದು, ಇಪ್ಪತ್ತೊಂದನೆಯ ದಿನ ಮತ್ತೆ ಬೆದೆ ಕಂಡಿತೇ ಇಲ್ಲವೇ, ಎಲ್ಲವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವವರು. ಹಾಗೆ ಬರೆದಿಡಲು ಕಲಿಸಿದವನು ನಾನೇ ಎಂದು ನನಗೂ ಸ್ವಲ್ಪ ಹೆಮ್ಮೆ ಇತ್ತು.

ಅತ್ತಿಗೆಗೆ ಆಗ ೪೪. ಎರಡು ವರ್ಷದಿಂದ ತಿಂಗಳಿಗೆ ಹತ್ತು ಹನ್ನೆರಡು ದಿನ, ಗಡ್ಡೆಗಡ್ಡೆಯಾಗಿ ರಕ್ತ ಹೋಗುತ್ತಿತ್ತಂತೆ. ಯಾರಿಗೂ ಹೇಳಿರಲಿಲ್ಲ. ಒಂದು ಸಲ ವಾರಗಿತ್ತಿಯಾದ ನನ್ನ ಹೆಂಡತಿಯ ಹತ್ತಿರ ಮಾತ್ರ, "ನಿಂತೋಗೋ ಕಾಲ ಕಣವ್ವಾ, ಎಲ್ಲಾರ್ಗೂ ಹಿಂಗೇ ಅಂತೆ" ಎಂದಿದ್ದರಂತೆ. ರಾಗಿ ಕಣದ ದಿನ ಮೊರ ಹಿಡಿದು ತೂರುತ್ತಿದ್ದವರು ಹಾಗೇ ಕುಸಿದರು. ಬಿಸಿಲಿಗೆ ತಲೆ ಸುತ್ತಿರಬೇಕು ಎಂದೇ ನಾನೂ ತಿಳಿದೆ. ಪಟ್ಟಣದ ಖಾಸಗಿ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಹಿಮೋಗ್ಲೋಬಿನ್ ಆರು ಗ್ರಾಂ. ಹನ್ನೆರಡಕ್ಕಿಂತ ಕಡಿಮೆಯಾದರೆ ರಕ್ತಹೀನತೆ, ಎಂಟಕ್ಕಿಂತ ಇಳಿದರೆ ತೀವ್ರ ರಕ್ತಹೀನತೆ. ಆರರಲ್ಲಿ ಆಕೆ ಕಣ ತೂರುತ್ತಿದ್ದರು.

ಅಲ್ಲಿನ ವೈದ್ಯರು ಒಂದು ಸ್ಕ್ಯಾನ್ ಮಾಡಿಸಿ, "ಗರ್ಭಕೋಶ ತೆಗೆಸಿಬಿಡಿ, ಇಟ್ಟುಕೊಂಡರೆ ಕ್ಯಾನ್ಸರ್ ಆಗುತ್ತದೆ, ಇನ್ನು ಅದರಿಂದ ಏನಾಗಬೇಕು" ಎಂದರು. ಅಣ್ಣ ಎರಡು ಹಸು ಮಾರಲು ಸಿದ್ಧರಾದರು. ಎರಡನೆಯ ಅಭಿಪ್ರಾಯ ಕೇಳೋಣ ಎಂದು ನಾನು ಹಟ ಹಿಡಿದು ಜಿಲ್ಲಾ ಕೇಂದ್ರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿ ಮೊದಲು ರಕ್ತ ಕೊಟ್ಟರು. ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಇರಲಿಲ್ಲ. ಸಣ್ಣದೊಂದು ಗಡ್ಡೆ ಇತ್ತು, ಅದು ಅನೇಕರಲ್ಲಿ ಇರುವಂಥದು. ರಕ್ತಸ್ರಾವ ತಗ್ಗಿಸುವ ಮಾತ್ರೆ, ಹಾರ್ಮೋನು ಮಾತ್ರೆ, ಕಬ್ಬಿಣದ ಚುಚ್ಚುಮದ್ದು ಕೊಟ್ಟರು. ಆರು ತಿಂಗಳಲ್ಲಿ ಹಿಮೋಗ್ಲೋಬಿನ್ ಹನ್ನೊಂದಕ್ಕೆ ಬಂತು. ಮೂರು ವರ್ಷದ ಮೇಲೆ ಮುಟ್ಟು ತಾನಾಗಿಯೇ ನಿಂತಿತು. ಹಸುಗಳೂ ಉಳಿದವು. ಆ ಕ್ಯಾಲೆಂಡರನ್ನು ನೋಡಿದಾಗ ಮಾತ್ರ ನನಗೆ ಈಗಲೂ ನಾಚಿಕೆಯಾಗುತ್ತದೆ.

ಗರ್ಭಕೋಶ ತೆಗೆಸುವ ಮುನ್ನ

ಗರ್ಭಕೋಶ ತೆಗೆಯಲೇಬೇಕಾದ ಸಂದರ್ಭಗಳುಂಟು. ಕ್ಯಾನ್ಸರ್ ಇದ್ದಾಗ, ಔಷಧಕ್ಕೆ ಬಗ್ಗದ ರಕ್ತಸ್ರಾವದಲ್ಲಿ, ಪೂರ್ತಿ ಜಾರಿದಾಗ ಅದು ಸರಿಯಾದ ಚಿಕಿತ್ಸೆಯೇ. ಆದರೆ ಬೇಡದ ಕಡೆಯೂ ತೆಗೆಯುತ್ತಾರೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ೨೦೧೯ರಲ್ಲಿ ಸರ್ಕಾರದ ಸಮಿತಿ ವಿಚಾರಿಸಿದಾಗ, ಕಬ್ಬು ಕಡಿಯುವ ಸುಮಾರು ೮೨ ಸಾವಿರ ಹೆಂಗಸರಲ್ಲಿ ೧೩ ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ಕಳೆದುಕೊಂಡಿದ್ದರು. ಮುಟ್ಟಿನ ದಿನ ಕೆಲಸ ತಪ್ಪಿದರೆ ಕೂಲಿ ಕಡಿತ, ದಂಡ ಎಂಬುದೂ ಅದಕ್ಕೆ ಒಂದು ಕಾರಣವೆಂದು ಹೊರಬಿತ್ತು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ೧೫ರಿಂದ ೪೯ ವಯಸ್ಸಿನ ನೂರು ಹೆಂಗಸರಲ್ಲಿ ದೇಶದಲ್ಲಿ ಸುಮಾರು ಮೂವರಿಗೆ, ನೆರೆಯ ಆಂಧ್ರ, ತೆಲಂಗಾಣಗಳಲ್ಲಿ ಸುಮಾರು ಎಂಟು ಮಂದಿಗೆ ಈ ಶಸ್ತ್ರಚಿಕಿತ್ಸೆ ಆಗಿತ್ತು. ಇದನ್ನು ತಡೆಯಲು ಕೇಂದ್ರ ಆರೋಗ್ಯ ಇಲಾಖೆ ೨೦೨೨ರಲ್ಲಿ ಮಾರ್ಗಸೂಚಿ ಹೊರಡಿಸಿತು. ರಾಜ್ಯಗಳು ಅದನ್ನು ಜಾರಿಗೆ ತರಬೇಕೆಂದು ೨೦೨೩ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ನಷ್ಟವೇನು ಎಂದು ಕೇಳಬಹುದು. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಈಸ್ಟ್ರೋಜನ್ ಒಂದೇ ದಿನಕ್ಕೆ ನಿಂತು, ಮೇಲೆ ಹೇಳಿದ ತೊಂದರೆಗಳೆಲ್ಲ ಒಟ್ಟಿಗೆ ನುಗ್ಗುತ್ತವೆ. ಮೂವತ್ತೈದರಲ್ಲಿ ಹೀಗಾದವಳ ಮೂಳೆ ಐವತ್ತಕ್ಕೇ ಟೊಳ್ಳಾಗಬಹುದು, ಹೃದಯಕ್ಕೂ ಅಪಾಯ ಹೆಚ್ಚು. ಅಂಡಾಶಯ ಉಳಿಸಿದರೂ ಅದು ಕೆಲವೊಮ್ಮೆ ಬೇಗ ಸೋಲುತ್ತದೆ. ಆದ್ದರಿಂದ ತೆಗೆಯಿರಿ ಎಂದ ದಿನವೇ ಒಪ್ಪಬೇಡಿ. ಯಾವ ಕಾಯಿಲೆಗೆ, ಮಾತ್ರೆಯಲ್ಲಿ ಆಗುವುದಿಲ್ಲವೇ, ಒಳಪದರದ ಪರೀಕ್ಷೆ ಆಗಿದೆಯೇ, ಅಂಡಾಶಯ ಉಳಿಸುತ್ತೀರಾ ಎಂದು ಕೇಳಿ. ಇನ್ನೊಬ್ಬ ವೈದ್ಯರಿಗೂ ತೋರಿಸಿ. ಟ್ರ್ಯಾಕ್ಟರ್ ಎಂಜಿನ್ ಬಿಚ್ಚಬೇಕೆಂದರೆ ಇಬ್ಬರು ಮೆಕ್ಯಾನಿಕ್‌ಗಳನ್ನು ಕೇಳುವವರು ನಾವು.

ತಡಮಾಡಬಾರದ ಲಕ್ಷಣಗಳನ್ನೂ ತಿಳಿದಿರಿ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ, ಒಂದು ತೊಟ್ಟು ಕಂಡರೂ ಸರಿ, ಆ ವಾರವೇ ವೈದ್ಯರ ಬಳಿ ಹೋಗಬೇಕು. ಮತ್ತೆ ಹರೆಯ ಬಂತು ಎಂದು ನಗೆಯಾಡಿ ಬಿಡುವ ವಿಷಯವಲ್ಲ ಅದು. ಗಂಡನ ಸಂಗದ ನಂತರ ರಕ್ತ, ವಾಸನೆಯ ಬಿಳಿಸೆರಗು, ಏಳು ದಿನ ಮೀರಿದ ಸ್ರಾವ, ಗಂಟೆಗೊಮ್ಮೆ ಬಟ್ಟೆ ಬದಲಿಸುವಷ್ಟು ಸ್ರಾವ ಇದ್ದರೂ ತೋರಿಸಬೇಕು. ಗರ್ಭಕಂಠದ ಕ್ಯಾನ್ಸರನ್ನು ಮೊದಲೇ ಕಂಡುಹಿಡಿಯುವ ತಪಾಸಣೆ ಮೂವತ್ತು ದಾಟಿದ ಹೆಂಗಸರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ.

ಊಟ, ಕೆಲಸ

ಈಸ್ಟ್ರೋಜನ್ ಇಳಿದ ಮೊದಲ ಐದಾರು ವರ್ಷ ಮೂಳೆ ಬೇಗ ಸವೆಯುತ್ತದೆ. ನಮ್ಮ ರಾಗಿಯಲ್ಲಿ ನೂರು ಗ್ರಾಂಗೆ ಸುಮಾರು ೩೫೦ ಮಿಲಿಗ್ರಾಂ ಸುಣ್ಣದ ಅಂಶವಿದೆ, ಅಕ್ಕಿಯಲ್ಲಿ ಇದರ ಇಪ್ಪತ್ತನೆಯ ಒಂದು ಪಾಲೂ ಇಲ್ಲ. ಅಕ್ಕಿ ಬಂತೆಂದು ಮುದ್ದೆ ಬಿಟ್ಟ ಮನೆಗಳು ಇದನ್ನು ಗಮನಿಸಬೇಕು. ಹುರುಳಿ, ಎಳ್ಳು, ನುಗ್ಗೆಸೊಪ್ಪು ಬಹಳ ಒಳ್ಳೆಯವು. ಹಾಲನ್ನೆಲ್ಲ ಡೇರಿಗೆ ಹಾಕಿ ಮನೆಯ ಹೆಂಗಸಿಗೆ ಬರಿಯ ಕಾಫಿ ಉಳಿಸುವ ಪದ್ಧತಿ ನಿಲ್ಲಲಿ, ಒಂದು ಲೋಟ ಹಾಲು ಅವರ ಪಾಲೆಂದು ತೆಗೆದಿಡಿ. ಊಟದ ಜೊತೆಯಲ್ಲೇ ಕಾಫಿ, ಟೀ ಕುಡಿದರೆ ಕಬ್ಬಿಣದ ಅಂಶ ಮೈಗೆ ಹತ್ತುವುದಿಲ್ಲ, ಒಂದು ಗಂಟೆ ಬಿಟ್ಟು ಕುಡಿಯಲಿ. ಮೊಳಕೆ ಕಾಳಿಗೆ ನಿಂಬೆ ಹಿಂಡಿದರೆ ಚೆನ್ನಾಗಿ ಹತ್ತುತ್ತದೆ.

ಮೈ ಉರಿ ಇರುವವರಿಗೆ ಸಡಿಲವಾದ ಹತ್ತಿ ಬಟ್ಟೆ, ಖಾರ ಕಡಿಮೆ, ನೆರಳಿನಲ್ಲೊಂದು ನೀರಿನ ಮಡಕೆ ಇರಲಿ. ಬಗ್ಗಿ ಮಾಡುವ ಕೆಲಸ ಬೆಳಗ್ಗೆ ಹತ್ತರೊಳಗೆ ಮುಗಿಯುವಂತೆ ಹಂಚಿಕೊಳ್ಳಿ. ಮೂತ್ರ ತಡೆಹಿಡಿದಂತೆ ಸ್ನಾಯು ಬಿಗಿದು ಬಿಡುವ ಅಭ್ಯಾಸವನ್ನು ದಿನಕ್ಕೆ ಮೂರು ಸಲ, ಹತ್ತು ಹತ್ತು ಬಾರಿ, ಕುಳಿತಲ್ಲೇ ಮಾಡಬಹುದು. ಜಿನುಗುವುದು ಕ್ರಮೇಣ ತಗ್ಗುತ್ತದೆ. ಹಾರ್ಮೋನು ಮಾತ್ರೆ ಕೆಲವರಿಗೆ ತುಂಬ ಉಪಯುಕ್ತ. ಆದರೆ ಸ್ತನದ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅದು ಸಲ್ಲದು. ಪಕ್ಕದ ಮನೆಯವರ ಚೀಟಿ ತೋರಿಸಿ ಅಂಗಡಿಯಲ್ಲಿ ಕೊಳ್ಳಬೇಡಿ.

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿಯೇ ಮುಟ್ಟು ಶುರುವಾದ ದಿನ, ನಿಂತ ದಿನ ಒಂದೊಂದು ಚುಕ್ಕೆ ಇಡುವಂತೆ ಮನೆಯಲ್ಲಿ ಹೇಳಿ. ವೈದ್ಯರು ಮೊದಲು ಕೇಳುವುದು ಅದನ್ನೇ. ಆ ಕ್ಯಾಲೆಂಡರ್ ಹಾಳೆಯನ್ನೂ ಹಳೆಯ ಚೀಟಿಗಳನ್ನೂ ತೆಗೆದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಹೇಳಿಕೊಳ್ಳಲು ಸಂಕೋಚವಿದ್ದವರು ಮೊದಲು ಊರಿನ ಆಶಾ ಕಾರ್ಯಕರ್ತೆಯ ಹತ್ತಿರ ಮಾತನಾಡಬಹುದು. ಹಿಮೋಗ್ಲೋಬಿನ್ ಪರೀಕ್ಷೆ, ಕಬ್ಬಿಣದ ಮಾತ್ರೆ ಎರಡೂ ಆರೋಗ್ಯ ಉಪಕೇಂದ್ರದಲ್ಲಿಯೇ ಸಿಗುತ್ತವೆ.