ತಮ್ಮ ಸೆರೆಮನೆಯನ್ನು ತಾವೇ ಕಟ್ಟಿದವರು

ಪ್ರಶ್ನೆ: ಅಮೆರಿಕದ ಸಿಂಗ್ ಸಿಂಗ್ ಜೈಲನ್ನು ಕೈದಿಗಳೇ ಕಟ್ಟಿದರಂತೆ. ನಿಜವೇ?

ಉತ್ತರ: ನಿಜ. 1825ರಲ್ಲಿ ಎಲಾಮ್ ಲಿಂಡ್ಸ್ ಎಂಬ ಜೈಲು ಅಧಿಕಾರಿ ಆಬರ್ನ್ ಜೈಲಿನಿಂದ 100 ಕೈದಿಗಳನ್ನು ಹಡ್ಸನ್ ನದಿಯ ದಂಡೆಗೆ ಕರೆತಂದ. ಅಲ್ಲಿಯ ಅಮೃತಶಿಲೆಯನ್ನು ಒಡೆದು, ತಮ್ಮನ್ನು ಕೂಡಿಹಾಕುವ ಗೋಡೆಗಳನ್ನು ಅವರೇ ಎಬ್ಬಿಸಿದರು. ಒಂದೊಂದು ಕೋಣೆ 7 ಅಡಿ ಉದ್ದ, ಅಗಲ ಬರೀ ಮೂರೂಕಾಲು ಅಡಿ. ಎರಡೂ ಕೈ ಪೂರ್ತಿ ಚಾಚಲು ಜಾಗವಿರಲಿಲ್ಲ! ಹಗಲೆಲ್ಲ ಒಟ್ಟಿಗೆ ದುಡಿತ, ರಾತ್ರಿ ಒಂಟಿ ಕೋಣೆ. ಹಗಲಿರಲಿ ರಾತ್ರಿಯಿರಲಿ, ಮಾತಾಡುವಂತಿಲ್ಲ. ತುಟಿ ಬಿಚ್ಚಿದರೆ ಚಾವಟಿಯೇಟು. ಇದನ್ನು ಆ ಕಾಲದವರು ‘ಸುಧಾರಣೆ’ ಎಂದು ನಂಬಿದ್ದರು ಎಂಬುದು ನನಗೆ ಏಟಿಗಿಂತ ಹೆಚ್ಚು ನೋವು ಕೊಡುವ ಸಂಗತಿ.

1914ರಲ್ಲಿ ವಾರ್ಡನ್ ಆಗಿ ಬಂದ ಥಾಮಸ್ ಮಾಟ್ ಆಸ್ಬರ್ನ್, ಕೈದಿಗಳೇ ಆರಿಸಿದ ಸಂಘಕ್ಕೆ ಶಿಸ್ತಿನ ಹೊಣೆ ಒಪ್ಪಿಸಿದರು. ಕೈದಿಯನ್ನು ಮನುಷ್ಯನೆಂದು ನಂಬಿದ ದೊಡ್ಡ ಹೆಜ್ಜೆಯದು. ಆದರೆ ಇದೇ ಜೈಲಿನ ವಿದ್ಯುತ್ ಕುರ್ಚಿ 1891ರಿಂದ 1963ರವರೆಗೆ 614 ಜನರ ಪ್ರಾಣ ತೆಗೆಯಿತು.

ಸಿಂಗ್ ಸಿಂಗ್ ಇಂದಿಗೂ ನ್ಯೂಯಾರ್ಕ್ ರಾಜ್ಯದ ಗರಿಷ್ಠ ಭದ್ರತೆಯ ಜೈಲು. ನಿತ್ಯ ಕೆಲಸಕ್ಕೆ ಓಡಾಡುವವರ ರೈಲು ಅದರ ಆವರಣದ ನಡುವೆಯೇ ಹಾದುಹೋಗುತ್ತದೆ.