ಜ್ವರ ಬಿಟ್ಟ ಮೇಲೆ ಮತ್ತೆ ಬರುವ ಜ್ವರ: ಮಕ್ಕಳ ವಿಷಯದಲ್ಲಿ ಉದಾಸೀನ ಬೇಡ

2021ರ ಜೂನ್ ತಿಂಗಳು. ಕೊರೋನದ ಎರಡನೇ ಅಲೆ ಇಳಿಯುತ್ತಿತ್ತು. ಮದ್ರಸ ಬಂದ್, ಪಾಠವೆಲ್ಲ ಮೊಬೈಲ್‌ನಲ್ಲಿ. ಮಕ್ಕಳು ಓದಿದ್ದನ್ನು ವಾಯ್ಸ್ ಮೆಸೇಜ್ ಮಾಡಿ ಕಳಿಸಬೇಕು, ನಾವು ಕೇಳಿ ತಿದ್ದಬೇಕು. ಎರಡನೇ ತರಗತಿಯ ಒಬ್ಬ ಹುಡುಗ, ಏಳು ವರ್ಷ, ಒಂದು ದಿನವೂ ತಪ್ಪಿಸಿದವನಲ್ಲ. ಅವನ ಮೆಸೇಜ್ ಮೂರು ದಿನ ಬರಲಿಲ್ಲ. ನಾಲ್ಕನೇ ದಿನ ಅವನ ಉಮ್ಮ ಫೋನ್ ಮಾಡಿದರು.

"ಉಸ್ತಾದರೇ, ಮಗುವಿಗೆ ಜ್ವರ ಬಿಡುವುದೇ ಇಲ್ಲ. ಸಿರಪ್ ಕೊಟ್ಟರೆ ಸ್ವಲ್ಪ ಹೊತ್ತು ಇಳೀತದೆ, ಮತ್ತೆ ಏರ್ತದೆ. ಹೊಟ್ಟೆನೋವು ಅಂತಾನೆ. ಕಣ್ಣೆಲ್ಲ ಕೆಂಪು. ಯಾರದ್ದಾದರೂ ಕಣ್ಣು ಬಿದ್ದಿದೆಯೋ ಏನೋ, ಸ್ವಲ್ಪ ನೀರು ಓದಿ ಕೊಡ್ತೀರಾ?"

ನಾವು ಓದಿ ಕೊಟ್ಟೆವು. ಡಾಕ್ಟರಿಗೂ ಒಮ್ಮೆ ತೋರಿಸಿ ಎಂದೆವು. 'ಒಮ್ಮೆ' ಎಂದೆವೇ ಹೊರತು 'ಈಗಲೇ' ಎನ್ನಲಿಲ್ಲ. ಆ ತಪ್ಪು ನಮ್ಮದು.

ಹತ್ತಿರದ ಕ್ಲಿನಿಕ್‌ನಲ್ಲಿ ಹೊಟ್ಟೆಯ ಸೋಂಕು ಇರಬಹುದು ಎಂದು ಆ್ಯಂಟಿಬಯೋಟಿಕ್ ಕೊಟ್ಟರು. ಮಂಗಳೂರಿಗೆ ಕರೆದುಕೊಂಡು ಹೋಗುವುದೋ ಬೇಡವೋ ಎಂದು ನಿರ್ಧರಿಸಬೇಕಾದ ತಂದೆ ದಮ್ಮಾಮ್‌ನಲ್ಲಿ. ಅವರ ಡ್ಯೂಟಿ ಮುಗಿದು ಫೋನ್ ಬರುವವರೆಗೆ ಇಲ್ಲಿ ಕಾಯುವುದು. ಹೀಗೆ ಮತ್ತೆ ಎರಡು ದಿನ ಹೋಯಿತು. ಆರನೇ ದಿನ ಹುಡುಗನ ಕೈಕಾಲು ತಣ್ಣಗಾಗಿ, ಕರೆದರೆ ಸರಿಯಾಗಿ ಉತ್ತರವಿಲ್ಲ. ಆಗ ನೆರೆಮನೆಯವರು ಕಾರು ತೆಗೆದರು.

ಡಾಕ್ಟರ್ ಕೇಳಿದ ಒಂದು ಪ್ರಶ್ನೆ

ಆಸ್ಪತ್ರೆಯಲ್ಲಿ ಮಕ್ಕಳ ತಜ್ಞರು ಮೊದಲು ಕೇಳಿದ್ದು: "ಒಂದು ತಿಂಗಳ ಹಿಂದೆ ಮನೆಯಲ್ಲಿ ಯಾರಿಗಾದರೂ ಜ್ವರ ಇತ್ತಾ?" ಇಲ್ಲ ಎಂದರು. ಮತ್ತೊಮ್ಮೆ ಕೇಳಿದಾಗಲೂ ಇಲ್ಲ. ಕೊನೆಗೆ ಅಜ್ಜಿಯೇ ಬಾಯಿಬಿಟ್ಟರು: "ಎಂತಕ್ಕೆ ಸುಳ್ಳು? ರಂಝಾನ್ ಕೊನೆಯಲ್ಲಿ ಎಲ್ಲರಿಗೂ ಬಂದಿತ್ತು. ನನಗೆ ವಾಸನೆಯೇ ಇರಲಿಲ್ಲ."

ಅವರು ಸುಳ್ಳು ಹೇಳಿದ್ದು ಯಾಕೆಂದು ನಮಗೆಲ್ಲ ಗೊತ್ತು. ಪಾಸಿಟಿವ್ ಎಂದರೆ ಜನರು ನೋಡುವ ರೀತಿಯೇ ಬದಲಾಗುತ್ತಿದ್ದ ಕಾಲವದು. ಟೆಸ್ಟ್ ಮಾಡಿಸದೆ, ಬಾಗಿಲು ಹಾಕಿಕೊಂಡು, ಕಷಾಯ ಕುಡಿದು ದಾಟಿದ ಮನೆಗಳು ಎಷ್ಟೋ. ಆದರೆ ಊರಿನಿಂದ ಮುಚ್ಚಿಟ್ಟದ್ದನ್ನು ಡಾಕ್ಟರಿಂದಲೂ ಮುಚ್ಚಿಟ್ಟರೆ ನಷ್ಟ ಯಾರಿಗೆ? ಆ ಅಜ್ಜಿಯ ಒಂದು ಮಾತಿನಿಂದ ಚಿಕಿತ್ಸೆಯ ದಾರಿ ತಿಳಿಯಿತು. ರಕ್ತಪರೀಕ್ಷೆ ಮತ್ತು ಹೃದಯದ ಎಕೋ ಆದ ಮೇಲೆ ಡಾಕ್ಟರ್ ಕಾಯಿಲೆಯ ಹೆಸರು ಹೇಳಿದರು: ಮಿಸ್-ಸಿ.

ಏನಿದು ಮಿಸ್-ಸಿ?

ಮಕ್ಕಳಲ್ಲಿ ಹಲವು ಅಂಗಗಳಿಗೆ ಒಟ್ಟಿಗೆ ಬರುವ ಉರಿಯೂತ ಇದು. ಕೊರೋನ ಸೋಂಕು ತಗಲಿ ಸಾಮಾನ್ಯವಾಗಿ ಎರಡರಿಂದ ಆರು ವಾರಗಳ ನಂತರ ಕಾಣಿಸುತ್ತದೆ. ಆಗ ವೈರಸ್ ಹೆಚ್ಚಾಗಿ ಮೈಯಲ್ಲಿ ಇರುವುದೂ ಇಲ್ಲ. ಅದನ್ನು ಓಡಿಸಲು ಎದ್ದು ನಿಂತ ನಮ್ಮದೇ ರೋಗನಿರೋಧಕ ಶಕ್ತಿ ಸುಮ್ಮನಾಗದೆ ಹೃದಯ, ಹೊಟ್ಟೆ, ರಕ್ತನಾಳ, ಚರ್ಮದ ಮೇಲೆಯೇ ತಿರುಗಿ ಬೀಳುತ್ತದೆ. ಕಳ್ಳ ಓಡಿಹೋದ ಮೇಲೂ ಕಾವಲುಗಾರ ಕತ್ತಲಲ್ಲಿ ಮನೆಯವರಿಗೇ ದೊಣ್ಣೆ ಬೀಸಿದ ಹಾಗೆ.

2020ರ ಏಪ್ರಿಲ್ ಕೊನೆಗೆ ಬ್ರಿಟನ್ನಿನ ವೈದ್ಯರು ಇದರ ಬಗ್ಗೆ ಮೊದಲು ಎಚ್ಚರಿಸಿದರು. ಇಟಲಿಯ ಬೆರ್ಗಮೊದ ಒಂದು ಆಸ್ಪತ್ರೆಯಲ್ಲಿ ಅದಕ್ಕೂ ಮುಂಚಿನ ಐದು ವರ್ಷಗಳಲ್ಲಿ ಕವಾಸಾಕಿ ಎಂಬ ಕಾಯಿಲೆಯ ಮಕ್ಕಳು ಬಂದದ್ದು 19. ಕೊರೋನ ಬಂದ ಮೇಲೆ ಎರಡೇ ತಿಂಗಳಲ್ಲಿ ಅದೇ ರೀತಿಯ 10 ಮಕ್ಕಳು ಬಂದರು. ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಲಕ್ಷಣಗಳ ಪಟ್ಟಿ ಕೊಟ್ಟಿತು.

ಕವಾಸಾಕಿ ಹೊಸ ಕಾಯಿಲೆ ಅಲ್ಲ. ಜಪಾನಿನ ಮಕ್ಕಳ ವೈದ್ಯ ಟೊಮಿಸಾಕು ಕವಾಸಾಕಿ 1961ರಲ್ಲಿ ಇಂಥ ಮೊದಲ ಮಗುವನ್ನು ನೋಡಿದರು, 1967ರಲ್ಲಿ 50 ಮಕ್ಕಳ ವಿವರ ಪ್ರಕಟಿಸಿದರು. ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ. ಕಾರಣ ಇನ್ನೂ ಪೂರ್ತಿ ತಿಳಿದಿಲ್ಲ, ಯಾವುದೋ ಸೋಂಕಿನಿಂದ ಶುರುವಾಗುತ್ತದೆ ಎಂದು ವೈದ್ಯರ ಅಂದಾಜು. ಚಿಕಿತ್ಸೆ ಸಿಗದಿದ್ದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೃದಯಕ್ಕೆ ರಕ್ತ ಕೊಡುವ ನಾಳ ಉಬ್ಬಿಕೊಳ್ಳುತ್ತದೆ. ಹತ್ತು ದಿನದೊಳಗೆ ಚಿಕಿತ್ಸೆ ಆದರೆ ಈ ಅಪಾಯ ಸುಮಾರು 25ರಲ್ಲಿ ಒಬ್ಬರಿಗೆ ಇಳಿಯುತ್ತದೆ. ದಿನ ಲೆಕ್ಕ ಹಾಕಬೇಕು ಎಂದು ನಾವು ಹೇಳುವುದು ಇದಕ್ಕೇ.

ಉಮ್ಮಂದಿರು ನೋಡಬೇಕಾದದ್ದು

ಮಳೆಗಾಲ ಬಂತೆಂದರೆ ಜ್ವರ ಇಲ್ಲದ ಮನೆ ಇಲ್ಲ. ಹೆಚ್ಚಿನವು ಮೂರ್ನಾಲ್ಕು ದಿನದಲ್ಲಿ ಹೋಗುತ್ತವೆ. ಮಿಸ್-ಸಿ ಬರುವುದು ಕೊರೋನ ತಗಲಿದ ಕೆಲವು ಸಾವಿರ ಮಕ್ಕಳಲ್ಲಿ ಒಬ್ಬರಿಗೆ. ಈಗ ಅದು ಮೊದಲಿಗಿಂತ ಬಹಳ ಕಡಿಮೆ. ಆದ್ದರಿಂದ ಪ್ರತಿ ಜ್ವರಕ್ಕೂ ಗಾಬರಿ ಬೇಡ. ಆದರೆ ಜ್ವರ ಮೂರು ದಿನ ದಾಟಿತು, ಅದರ ಜೊತೆ ಈ ಕೆಳಗಿನ ಯಾವುದಾದರೂ ಕಂಡಿತು ಎಂದರೆ ಮಕ್ಕಳ ಡಾಕ್ಟರಿಗೆ ತೋರಿಸಲೇಬೇಕು:

• ಎರಡೂ ಕಣ್ಣು ಕೆಂಪು, ಆದರೆ ಪಿಸುರು ಇಲ್ಲ.
• ತುಟಿ ಕೆಂಪಾಗಿ ಒಡೆಯುವುದು, ನಾಲಿಗೆ ಕೆಂಪಾಗಿ ದೊರಗಾಗುವುದು.
• ಮೈಮೇಲೆ ಕೆಂಪು ದದ್ದು. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಬೇಗ ಕಾಣುವುದಿಲ್ಲ, ಬಟ್ಟೆ ತೆಗೆದು ಬೆಳಕಿನಲ್ಲಿ ನೋಡಿ.
• ಅಂಗೈ, ಅಂಗಾಲು ಊದುವುದು. ಕುತ್ತಿಗೆಯಲ್ಲಿ ಗಡ್ಡೆ.
• ಜೋರು ಹೊಟ್ಟೆನೋವು, ವಾಂತಿ, ಭೇದಿ. ಎಷ್ಟೋ ಸಲ ಇದನ್ನು ಅಪೆಂಡಿಕ್ಸ್ ಎಂದುಕೊಳ್ಳುವುದುಂಟು.

ಉಸಿರಾಟ ವೇಗವಾದರೆ, ಕೈಕಾಲು ತಣ್ಣಗಾದರೆ, ಮಗು ಮಂಕಾಗಿ ಎಬ್ಬಿಸಿದರೂ ಏಳದಿದ್ದರೆ, ಮೂತ್ರ ತೀರಾ ಕಡಿಮೆಯಾದರೆ ಮೂರು ದಿನವೂ ಕಾಯಬಾರದು. ಆ ಕ್ಷಣವೇ 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕಿದ ಗಾಡಿಯಲ್ಲಿ ಹೊರಡಿ. ನಮ್ಮ ಕಡೆ ಡೆಂಗಿಯೂ ಇದೆ. ಯಾವುದು ಏನು ಎಂದು ಹೇಳಬೇಕಾದವರು ಡಾಕ್ಟರ್, ನೆರೆಮನೆಯವರಲ್ಲ, ವಾಟ್ಸ್‌ಆ್ಯಪ್ ಅಲ್ಲ, ಉಸ್ತಾದರೂ ಅಲ್ಲ.

ಡಾಕ್ಟರ ಹತ್ತಿರ ಹೋಗುವಾಗ ಒಂದು ಚೀಟಿ ಬರೆದುಕೊಂಡು ಹೋಗಿ: ಜ್ವರ ಶುರುವಾದ ದಿನ, ಎಷ್ಟು ಡಿಗ್ರಿ, ಕೊಟ್ಟ ಮದ್ದು, ಕಳೆದ ಎರಡು ತಿಂಗಳಲ್ಲಿ ಮನೆಯಲ್ಲಿ ಯಾರಿಗೆ ಏನು ಬಂದಿತ್ತು.

ಇನ್ನೊಂದು ಮಾತು. ಜ್ವರಕ್ಕೆ ಮಕ್ಕಳಿಗೆ ಆಸ್ಪಿರಿನ್ ನೀವಾಗಿ ಕೊಡಬೇಡಿ. ಫ್ಲೂ, ಸೀತಾಳೆ ಸಿಡುಬು ಇರುವಾಗ ಕೊಟ್ಟರೆ ಅಪರೂಪಕ್ಕೆ ಯಕೃತ್ತು, ಮೆದುಳಿಗೆ ತೊಂದರೆಯಾಗುವ ರೇ ಸಿಂಡ್ರೋಮ್ ಬರಬಹುದು. ಆದರೆ ಕವಾಸಾಕಿ, ಮಿಸ್-ಸಿ ಮಕ್ಕಳಿಗೆ ಡಾಕ್ಟರೇ ಆಸ್ಪಿರಿನ್ ಬರೆಯುತ್ತಾರೆ. ಅದನ್ನು ಅವರನ್ನು ಕೇಳದೆ ನಿಲ್ಲಿಸಲೂಬಾರದು.

ಚಿಕಿತ್ಸೆ ಉಂಟು, ತಡ ಮಾಡಬಾರದು ಅಷ್ಟೆ

ಐವಿಐಜಿ ಎಂಬ ಮದ್ದನ್ನು ಡ್ರಿಪ್‌ನಲ್ಲಿ ಕೊಡುತ್ತಾರೆ. ಸಾವಿರಾರು ಮಂದಿ ದಾನ ಮಾಡಿದ ಪ್ಲಾಸ್ಮಾದಿಂದ ತೆಗೆದ ಪ್ರತಿಕಾಯಗಳು ಅದರಲ್ಲಿವೆ. ಮಗುವಿನ ತೂಕ ನೋಡಿ, ಕೆಜಿಗೆ 2 ಗ್ರಾಂ ಲೆಕ್ಕ. ಜೊತೆಗೆ ಸ್ಟೀರಾಯ್ಡ್. ಐವಿಐಜಿ ತುಂಬಾ ದುಬಾರಿ. ಖರ್ಚಿಗೆ ಹೆದರಿ ಮನೆಯಲ್ಲೇ ಕೂರಬೇಡಿ. ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗವಿದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ, ಸೌಲಭ್ಯ ಸಿಗುತ್ತದೆಯೇ ಎಂದು ದಾಖಲಾಗುವಾಗಲೇ ವಿಚಾರಿಸಿ. ಜಮಾಅತ್ ಕಮಿಟಿಯವರೂ ಇಂಥ ಹೊತ್ತಿಗೆ ಒಂದು ಗಾಡಿ, ಸ್ವಲ್ಪ ದುಡ್ಡು ತೆಗೆದಿಡುವುದು ಒಳ್ಳೆಯದು. ತಂದೆ ಗಲ್ಫ್‌ನಲ್ಲಿ ಇದ್ದರೆ ಊರಿನಲ್ಲಿ ಯಾರು ನಿರ್ಧರಿಸಬೇಕು ಎಂಬುದನ್ನು ಮಗು ಚೆನ್ನಾಗಿರುವಾಗಲೇ ಮಾತಾಡಿಕೊಳ್ಳಬೇಕು.

ಮನೆಗೆ ಬಂದ ಮೇಲೂ ಕೆಲಸ ಮುಗಿಯಲಿಲ್ಲ. ಡಾಕ್ಟರ್ ಹೇಳಿದ ದಿನ ಮತ್ತೆ ಎಕೋ ಮಾಡಿಸಬೇಕು. ಕೆಲವು ತಿಂಗಳು ಓಟ, ಫುಟ್ಬಾಲ್ ಬೇಡ. ಐವಿಐಜಿ ಪಡೆದ ಮಗುವಿಗೆ ದಡಾರ-ರುಬೆಲ್ಲಾ ಲಸಿಕೆಯನ್ನು ಸಾಮಾನ್ಯವಾಗಿ 11 ತಿಂಗಳು ಮುಂದೂಡುತ್ತಾರೆ. ಅಂಗನವಾಡಿಯಲ್ಲಿ ಇದನ್ನು ತಿಳಿಸಿ.

ಆ ಹುಡುಗ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ. ಮದ್ರಸ ತೆರೆದಾಗ ಎಲ್ಲರ ಜೊತೆ ಬಂದು ಕೂತ. ಆಟದ ಹೊತ್ತಲ್ಲಿ ಮಾತ್ರ ನಮ್ಮ ಪಕ್ಕ, ಬೆಂಚಿನ ಮೇಲೆ. "ಉಸ್ತಾದ್, ಇನ್ನು ಎಷ್ಟು ದಿನ?" ಎಂದು ದಿನಾ ಕೇಳುತ್ತಿದ್ದ. ಡಾಕ್ಟರ್ ಹೇಳಿದ ದಿನದವರೆಗೆ, ಎನ್ನುತ್ತಿದ್ದೆವು.

ಈಗಲೂ ಮಕ್ಕಳ ಜ್ವರಕ್ಕೆ ನೀರು ಓದಿಸಲು ಬರುವವರಿದ್ದಾರೆ. ನಾವು ಬೇಡ ಎನ್ನುವುದಿಲ್ಲ. ಆದರೆ ಮೊದಲು ಕೇಳುವುದು ಒಂದೇ: "ಜ್ವರ ಶುರುವಾಗಿ ಎಷ್ಟು ದಿನ ಆಯಿತು?" ಮೂರು ದಾಟಿದೆ ಎಂದರೆ, ನೀರು ಕೊಡುವ ಮೊದಲೇ ಆಟೋಕ್ಕೆ ಫೋನ್ ಮಾಡುತ್ತೇವೆ.